ಪರದೇಶದ ರಸ್ತೆ, ನಮ್ಮವರ ದಂಡ

ಕೆಲವು ಸಮಯದ ಹಿಂದೆ ನಮ್ಮ ಕರಾವಳಿಯ ಒಂದು ಚರ್ಚಿನಲ್ಲಿ ವೃದ್ಧ ತಾಯಿಯೊಬ್ಬರ ಅಂತ್ಯವಿಧಿಯನ್ನು ಶುಕ್ರವಾರ ಸಂಜೆಯಿಂದ ಶನಿವಾರ ಬೆಳಿಗ್ಗೆಗೆ ಮುಂದೂಡಲಾಯಿತು. ಗಲ್ಫ್‌ನಲ್ಲಿರುವ ಕಿರಿಯ ಮಗ ಬರಬೇಕಾಗಿತ್ತು. ರಜೆ ಸಿಕ್ಕಿತ್ತು, ಟಿಕೆಟ್ ಆಗಿತ್ತು, ಬಜ್ಪೆಗೆ ಕಾರು ಕಳುಹಿಸುವ ಏರ್ಪಾಡೂ ಆಗಿತ್ತು. ಆದರೆ ಮಗ ಬರಲಿಲ್ಲ. ಶುಕ್ರವಾರ ಮುಂಜಾನೆ ಅಲ್ಲಿನ ವಿಮಾನ ನಿಲ್ದಾಣದ ಎಮಿಗ್ರೇಶನ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೊಟ್ಟಾಗ, ಅವರ ಹೆಸರಿನಲ್ಲಿ ಟ್ರಾಫಿಕ್ ದಂಡ ಬಾಕಿ ಇದೆ ಎಂದು ಕಂಪ್ಯೂಟರ್ ತೋರಿಸಿತು. ಎರಡು ವರ್ಷಗಳ ಹಿಂದೆ ಅವರು ತಮ್ಮ ಹಳೆಯ ಕಾರನ್ನು ರೂಮಿನ ಗೆಳೆಯನಿಗೆ ಮಾರಿದ್ದರು. ಹಣ ಬಂದಿತ್ತು, ಕೀಲಿಕೈ ಕೊಟ್ಟಾಗಿತ್ತು, ಒಂದು ಕಾಗದದ ಮೇಲೆ ಇಬ್ಬರೂ ಸಹಿಯನ್ನೂ ಹಾಕಿದ್ದರು. ನೋಂದಣಿಯನ್ನು ಮಾತ್ರ ಬದಲಾಯಿಸಿರಲಿಲ್ಲ. ಗೆಳೆಯನ ತಪ್ಪುಗಳೆಲ್ಲ ಇವರ ಹೆಸರಿಗೆ ಬಂದು ಕುಳಿತಿದ್ದವು.

ಸಣ್ಣ ದಂಡಗಳನ್ನು ಅಲ್ಲೇ ಕಾರ್ಡಿನಲ್ಲಿ ಕಟ್ಟಬಹುದಿತ್ತು. ಆದರೆ ಕೆಂಪು ದೀಪ ದಾಟಿದ ಒಂದು ಪ್ರಕರಣವನ್ನು ಟ್ರಾಫಿಕ್ ಕಚೇರಿಗೆ ಹೋಗಿಯೇ ಇತ್ಯರ್ಥ ಮಾಡಬೇಕಾಗಿತ್ತು. ಅಂದು ಶುಕ್ರವಾರ, ಕಚೇರಿಗೆ ರಜೆ. ಶನಿವಾರ ಬೆಳಿಗ್ಗೆ ನಾವು ಸಿಮಿತ್ರಿಯಲ್ಲಿ ನಿಂತಿದ್ದಾಗ ಅಣ್ಣನ ಮಗಳು ಮೊಬೈಲನ್ನು ಸಮಾಧಿಯ ಕಡೆಗೆ ತಿರುಗಿಸಿ ಹಿಡಿದಿದ್ದಳು. ಮಗ ತಾಯಿಗೆ ಮಣ್ಣು ಹಾಕುವುದನ್ನು ಆ ಪರದೆಯಲ್ಲಿ ನೋಡಿದ. ತನ್ನ ಕೈಯಿಂದ ಹಾಕಲಾಗಲಿಲ್ಲ.

ಇಂಥ ಘಟನೆಗಳು ಪತ್ರಿಕೆಯ ಸುದ್ದಿಯಾಗುವುದಿಲ್ಲ. ಆದರೆ ನಮ್ಮ ಪ್ರತಿಯೊಂದು ವಾಳೆಯಲ್ಲಿಯೂ ಗಲ್ಫ್‌ಗೆ ಹೋದವರಿದ್ದಾರೆ. ಆದ್ದರಿಂದ ಪರದೇಶದಲ್ಲಿರುವವನಿಗೆ ಒಂದು ಟ್ರಾಫಿಕ್ ದಂಡ ಎಂದರೆ ಏನು, ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಏನೇನು ಬದಲಾಗಿದೆ, ನಮ್ಮವರು ಏನು ಮಾಡಬೇಕು ಎಂಬುದನ್ನು ಈ ಬಾರಿ ವಿಚಾರ ಮಾಡೋಣ.

ಬದಲಾದ ಕಾನೂನುಗಳು

ಮೊದಲು ಕುವೈಟನ್ನು ನೋಡೋಣ. ಅಲ್ಲಿ 1976ರ ಟ್ರಾಫಿಕ್ ಕಾನೂನು ಬಹುಕಾಲ ನಡೆಯಿತು. ದಂಡದ ಮೊತ್ತಗಳು ಹಳೆಯ ಕಾಲದವೇ ಆಗಿದ್ದುದರಿಂದ ಜನರಿಗೆ ಭಯವಿರಲಿಲ್ಲ. 2025ರ 5ನೇ ಸಂಖ್ಯೆಯ ಶಾಸನದ ಮೂಲಕ ಅದಕ್ಕೆ ದೊಡ್ಡ ತಿದ್ದುಪಡಿ ಮಾಡಿ, ಅದೇ ವರ್ಷ ಎಪ್ರಿಲ್ 22ರಿಂದ ಜಾರಿಗೆ ತರಲಾಯಿತು. ವಾಹನ ಚಲಾಯಿಸುತ್ತ ಮೊಬೈಲ್ ಕೈಯಲ್ಲಿ ಹಿಡಿದರೆ ಮೊದಲು 5 ದಿನಾರ್ ಇದ್ದದ್ದು 75 ದಿನಾರ್ ಆಯಿತು. ಸೀಟ್ ಬೆಲ್ಟ್ ಹಾಕದಿದ್ದರೆ 10ರ ಬದಲು 30. ಕೆಂಪು ದೀಪ ದಾಟಿದರೆ 50ರ ಬದಲು 150. ಅಂಗವಿಕಲರಿಗೆ ಮೀಸಲಾದ ಜಾಗದಲ್ಲಿ ಕಾರು ನಿಲ್ಲಿಸಿದರೆ 10ರ ಬದಲು 150. ಮದ್ಯ ಕುಡಿದು ಓಡಿಸಿದವರಿಗೆ ಜೈಲು ಮತ್ತು 1,000 ದಿನಾರಿನಿಂದ ಮೇಲೆ ದಂಡ. 75 ದಿನಾರ್ ಎಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿಗೂ ಮಿಕ್ಕಿದ ಹಣ ಎಂಬುದನ್ನು ನೆನಪಿಡಬೇಕು.

ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2024ರ 14ನೇ ಸಂಖ್ಯೆಯ ಹೊಸ ಟ್ರಾಫಿಕ್ ಕಾನೂನು 2025ರ ಮಾರ್ಚ್ 29ರಿಂದ ಜಾರಿಯಲ್ಲಿದೆ. ಲೈಸನ್ಸ್ ಅಮಾನತಾಗಿರುವಾಗ ಗಾಡಿ ಓಡಿಸುವುದು, ಅಪಘಾತ ಮಾಡಿ ಓಡಿಹೋಗುವುದು, ಅಮಲಿನಲ್ಲಿ ಓಡಿಸುವುದು ಮುಂತಾದ ತಪ್ಪುಗಳಿಗೆ ಜೈಲು ಮತ್ತು ಹತ್ತಾರು ಸಾವಿರ ದಿರ್ಹಮ್ ದಂಡವಿದೆ. ಅಲ್ಲಿ ಮಾನ್ಯವಲ್ಲದ ವಿದೇಶಿ ಲೈಸನ್ಸಿನಲ್ಲಿ ಓಡಿಸಿದರೆ ಮೊದಲ ಸಲಕ್ಕೇ 2,000ದಿಂದ 10,000 ದಿರ್ಹಮ್. ಊರಿನಿಂದ ತಂದ ಲೈಸನ್ಸು ಅಥವಾ ಅಂತರರಾಷ್ಟ್ರೀಯ ಪರ್ಮಿಟು ಕಿಸೆಯಲ್ಲಿದೆ ಎಂದು ಧೈರ್ಯ ಮಾಡುವ ನಮ್ಮ ಯುವಕರು ಇದನ್ನು ಗಮನಿಸಬೇಕು. ಅಲ್ಲಿನ ವಾಸದ ವೀಸಾ ಕೈಗೆ ಬಂದ ಮೇಲೆ ನಮ್ಮ ಆ ಕಾಗದಗಳಿಂದ ಅಲ್ಲಿ ಗಾಡಿ ಓಡಿಸುವಂತಿಲ್ಲ. ಅಲ್ಲಿನ ಲೈಸನ್ಸನ್ನೇ ಪಡೆಯಬೇಕು.

ನಡೆದು ಹೋಗುವವರಿಗೂ ಈ ಕಾನೂನು ಅನ್ವಯಿಸುತ್ತದೆ. ಗುರುತು ಮಾಡದ ಸ್ಥಳದಲ್ಲಿ ರಸ್ತೆ ದಾಟಿದರೆ 400 ದಿರ್ಹಮ್ ದಂಡ. ಅದರಿಂದ ಅಪಘಾತವಾದರೆ ಜೈಲು ಮತ್ತು 5,000ದಿಂದ 10,000 ದಿರ್ಹಮ್. ಲೇಬರ್ ಕ್ಯಾಂಪಿನಿಂದ ಅಂಗಡಿಗೆ ಹತ್ತಿರದ ದಾರಿ ಎಂದು ಹೆದ್ದಾರಿಯನ್ನು ಅಡ್ಡ ಹಾಯುವ ಕೆಲಸಗಾರನಿಗೆ ಇದು ತಿಳಿದಿದೆಯೇ?

ಇದರ ಜೊತೆಗೆ ಕಪ್ಪು ಅಂಕಗಳ ಪದ್ಧತಿ ಇದೆ. ಮೊಬೈಲ್ ಹಿಡಿದರೆ 800 ದಿರ್ಹಮ್ ಮತ್ತು 4 ಅಂಕ. ಕಾರಿನಲ್ಲಿ ಕೆಂಪು ದೀಪ ದಾಟಿದರೆ 1,000 ದಿರ್ಹಮ್, 12 ಅಂಕ ಮತ್ತು 30 ದಿನ ಗಾಡಿ ಜಪ್ತಿ. ವೇಗದ ಮಿತಿಯನ್ನು ಗಂಟೆಗೆ 80 ಕಿಲೋಮೀಟರಿಗೂ ಮಿಕ್ಕಿ ಮೀರಿದರೆ 3,000 ದಿರ್ಹಮ್, 23 ಅಂಕ, 60 ದಿನ ಜಪ್ತಿ. 24 ಅಂಕ ತುಂಬಿದವನ ಲೈಸನ್ಸ್ ಹೋಗುತ್ತದೆ. ಟ್ಯಾಕ್ಸಿ, ವ್ಯಾನ್, ಟ್ರಕ್ ಓಡಿಸಿ ಮನೆ ನಡೆಸುವವನಿಗೆ ಲೈಸನ್ಸ್ ಹೋಗುವುದೆಂದರೆ ಅನ್ನ ಹೋದಂತೆ.

ಸೌದಿ ಅರೇಬಿಯದಲ್ಲಿ 2010ರಿಂದ ‘ಸಾಹೆರ್’ ಎಂಬ ಕ್ಯಾಮರಾ ವ್ಯವಸ್ಥೆ ಕೆಲಸ ಮಾಡುತ್ತಿದೆ. ಕತಾರಿನಲ್ಲಿ 2024ರ ಸೆಪ್ಟೆಂಬರ್ 1ರಿಂದ ದಂಡ ಬಾಕಿ ಇರುವವರು ನೆಲ, ಜಲ, ವಾಯು ಯಾವ ಗಡಿಯಿಂದಲೂ ಹೊರಗೆ ಹೋಗುವಂತಿಲ್ಲ ಎಂಬ ನಿಯಮ ಬಂದಿದೆ. ಕುವೈಟಿನಲ್ಲಿ 2023ರ ಆಗಸ್ಟ್ ತಿಂಗಳಿನಲ್ಲಿಯೇ ವಿದೇಶಿಯರು ದೇಶ ಬಿಡುವ ಮುನ್ನ ಟ್ರಾಫಿಕ್ ದಂಡ ಕಟ್ಟಬೇಕೆಂದು ಆದೇಶವಾಯಿತು. ಮುಂದಿನ ತಿಂಗಳಲ್ಲಿ ವಿದ್ಯುತ್, ನೀರು, ದೂರವಾಣಿ ಬಿಲ್ಲುಗಳ ಬಾಕಿಯೂ ಅದರೊಂದಿಗೆ ಸೇರಿತು.

ಒಂದೇ ದಂಡ, ಹಲವು ಕಟ್ಟುಗಳು

ನಮ್ಮ ಊರಿನಲ್ಲಿ ಪೋಲಿಸರು ಚಲನ್ ಬರೆದರೆ ಅದು ಗಾಡಿ ಮತ್ತು ಹಣದ ವಿಷಯ. ಪರದೇಶದಲ್ಲಿ ಹಾಗಲ್ಲ. ಅಲ್ಲಿ ನಮ್ಮ ಮನುಷ್ಯ ನಿಂತಿರುವುದು ಒಂದು ವಾಸದ ಪರವಾನಗಿಯ ಮೇಲೆ. ಇಖಾಮ ಎನ್ನಿ, ಸಿವಿಲ್ ಐಡಿ ಎನ್ನಿ, ಎಮಿರೇಟ್ಸ್ ಐಡಿ ಎನ್ನಿ, ಆ ಒಂದು ಸಂಖ್ಯೆಗೆ ಕೆಲಸ, ಮನೆ, ಬ್ಯಾಂಕ್, ಮಕ್ಕಳ ಶಾಲೆ, ಗಾಡಿ ಎಲ್ಲವೂ ಜೋಡಿಸಲ್ಪಟ್ಟಿವೆ. ಹಿಂದೆ ಟ್ರಾಫಿಕ್ ಇಲಾಖೆಯ ಪುಸ್ತಕ ಬೇರೆ, ಎಮಿಗ್ರೇಶನ್ ಪುಸ್ತಕ ಬೇರೆ ಇತ್ತು. ಇಂದು ಎರಡೂ ಕಂಪ್ಯೂಟರುಗಳು ಒಂದರೊಡನೊಂದು ಮಾತಾಡುತ್ತವೆ.

ದಂಡ ಕಟ್ಟದೆ ಗಾಡಿಯ ನೋಂದಣಿ ನವೀಕರಿಸಲಾಗದು. ಇದು ಹಳೆಯ ಕಟ್ಟು. ಸೌದಿಯಲ್ಲಿ ದಂಡ ಬಾಕಿ ಇದ್ದರೆ ಊರಿಗೆ ಹೋಗಿ ಬರುವ ವೀಸಾ ಸಿಗುವುದಿಲ್ಲ. ದುಬೈಯಲ್ಲಿ ವಾಸದ ವೀಸಾ ನವೀಕರಣಕ್ಕೂ ಟ್ರಾಫಿಕ್ ದಂಡಕ್ಕೂ ಗಂಟು ಹಾಕುವ ಪ್ರಯೋಗ 2025ರಲ್ಲಿ ಆರಂಭವಾಯಿತು. ಇವೆಲ್ಲಕ್ಕಿಂತ ದೊಡ್ಡದು ಗಡೀಪಾರು. 2013ರಲ್ಲಿ ಕುವೈಟ್ ಸರಕಾರ ಲೈಸನ್ಸ್ ಇಲ್ಲದೆ ಓಡಿಸುವುದು, ಕೆಂಪು ದೀಪ ದಾಟುವುದು ಮುಂತಾದ ತಪ್ಪುಗಳಿಗಾಗಿ ಸಾವಿರಕ್ಕೂ ಮಿಕ್ಕಿ ವಿದೇಶಿಯರನ್ನು ಹೊರಗೆ ಕಳುಹಿಸಿದ್ದು ಹಲವರಿಗೆ ನೆನಪಿರಬಹುದು. ಅದೇ ತಪ್ಪು ಮಾಡಿದ ಆ ದೇಶದ ಪ್ರಜೆ ದಂಡ ಕಟ್ಟಿ ಮನೆಗೆ ಹೋಗುತ್ತಾನೆ. ವಿದೇಶಿ ವಿಮಾನ ನಿಲ್ದಾಣಕ್ಕೆ ಹೋಗುತ್ತಾನೆ. ಬೆರಳಚ್ಚು, ಕಣ್ಣಿನ ಗುರುತು ಎಲ್ಲವೂ ದಾಖಲಾಗಿರುವುದರಿಂದ ಹೊಸ ಪಾಸ್‌ಪೋರ್ಟ್ ಮಾಡಿಸಿ ಪುನಃ ಹೋಗುವ ಹಳೆಯ ಉಪಾಯವೂ ಈಗ ನಡೆಯದು.

ಯಾರ ತಪ್ಪು, ಯಾರ ಕಿಸೆ?

ಈಗ ಬಡವರ ವಿಷಯಕ್ಕೆ ಬರೋಣ. ಕುವೈಟಿನಲ್ಲಿ ಮನೆ ಕೆಲಸದವರ ಕನಿಷ್ಠ ಸಂಬಳವನ್ನು 2016ರಲ್ಲಿ ತಿಂಗಳಿಗೆ 60 ದಿನಾರ್ ಎಂದು ನಿಗದಿಪಡಿಸಲಾಯಿತು. ಮನೆಯ ಡ್ರೈವರ್ ಕೂಡ ಈ ವರ್ಗಕ್ಕೇ ಸೇರುತ್ತಾನೆ. ಹೆಚ್ಚಿನವರಿಗೆ ಅದಕ್ಕಿಂತ ಹೆಚ್ಚು ಸಿಗುತ್ತದೆ ಎಂದು ಒಪ್ಪೋಣ. ಆದರೂ ಕಾನೂನು ಹೇಳುವ ಕನಿಷ್ಠ ಒಂದು ತಿಂಗಳ ಸಂಬಳ 60 ದಿನಾರ್, ಅದೇ ದೇಶದ ಟ್ರಾಫಿಕ್ ಕಾನೂನಿನಲ್ಲಿ ಒಂದು ಸಲ ಫೋನ್ ಎತ್ತಿದ ದಂಡ 75 ದಿನಾರ್. ಫೋನ್ ಮಾಡಿದವರು ಯಾರು? ಅನೇಕ ಬಾರಿ ಮಾಲೀಕರೇ. ಮಕ್ಕಳನ್ನು ಶಾಲೆಯಿಂದ ತಂದೆಯಾ, ಎಲ್ಲಿದ್ದೀ, ಯಾಕೆ ತಡ ಎಂದು ಕೇಳಲು ಮಾಡುತ್ತಾರೆ. ಎತ್ತದಿದ್ದರೆ ಬೈಗುಳ, ಎತ್ತಿದರೆ ದಂಡ.

ಕ್ಯಾಮರಾ ಹಿಡಿಯುವುದು ಗಾಡಿಯ ನಂಬರನ್ನು, ಡ್ರೈವರಿನ ಮುಖವನ್ನಲ್ಲ. ದಂಡ ಮೊದಲು ಮಾಲೀಕನಿಗೋ ಕಂಪೆನಿಗೋ ಬರುತ್ತದೆ. ಅಲ್ಲಿಂದ ಅದು ಡ್ರೈವರಿನ ಸಂಬಳಕ್ಕೆ ಇಳಿಯುತ್ತದೆ. ಆ ದಿನ ಗಾಡಿ ಓಡಿಸಿದ್ದು ಇವನೇ ಹೌದೋ, ಮಾಲೀಕರ ಮಗನೋ, ಇನ್ನೊಬ್ಬ ಡ್ರೈವರೋ ಎಂದು ಕೇಳುವವರು ಕಡಿಮೆ. ಸಾಮಾನು ತಲುಪಿಸುವ ಹುಡುಗರ ಕಥೆಯೂ ಇದೇ. ಇಂತಿಷ್ಟು ಹೊತ್ತಿನಲ್ಲಿ ಇಂತಿಷ್ಟು ಮನೆಗಳಿಗೆ ಮುಟ್ಟಿಸಬೇಕು ಎಂಬ ಒತ್ತಡವನ್ನು ಹಾಕುವುದು ಮೇಲಿನವರು. ವೇಗದ ದಂಡ ಕಟ್ಟುವುದು ಬೈಕಿನಲ್ಲಿ ಕುಳಿತವನು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಸಂಬಳದಿಂದ ಕಡಿತ ಮಾಡಲು ಎಲ್ಲೆಯಿದೆ. ಎಮಿರೇಟ್ಸ್‌ನ 2021ರ ಕಾರ್ಮಿಕ ಕಾನೂನಿನ ಪ್ರಕಾರ ಯಾವುದೇ ಕಾರಣಗಳನ್ನು ಸೇರಿಸಿದರೂ ತಿಂಗಳ ಕಡಿತ ಸಂಬಳದ ಅರ್ಧವನ್ನು ಮೀರುವಂತಿಲ್ಲ. ಇಡೀ ತಿಂಗಳ ಸಂಬಳವನ್ನೇ ತಡೆದಿಟ್ಟರೆ ಕಾರ್ಮಿಕ ಇಲಾಖೆಗೆ ದೂರು ಕೊಡುವ ಹಕ್ಕು ಕೆಲಸಗಾರನಿಗಿದೆ. ಹಕ್ಕು ಪುಸ್ತಕದಲ್ಲಿದೆ, ಕೆಲಸಗಾರ ಹೆದರಿಕೆಯಲ್ಲಿದ್ದಾನೆ. ಇವೆರಡರ ನಡುವೆ ಸೇತುವೆ ಹಾಕುವವರು ಬೇಕಾಗಿದ್ದಾರೆ.

ಇದು ನ್ಯಾಯವೇ?

ಎರಡೂ ಬದಿಯನ್ನು ನೋಡದೆ ತೀರ್ಪು ಕೊಡುವುದು ಸರಿಯಲ್ಲ. ಬಿಗಿ ಕಾನೂನಿನಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ದುಬೈಯೇ ಸಾಕ್ಷಿ. 2007ರಲ್ಲಿ ಅಲ್ಲಿ ಪ್ರತಿ ಒಂದು ಲಕ್ಷ ಜನರಲ್ಲಿ ಸುಮಾರು 22 ಮಂದಿ ರಸ್ತೆಯಲ್ಲಿ ಸಾಯುತ್ತಿದ್ದರು. 2024ರಲ್ಲಿ ಆ ಸಂಖ್ಯೆ ಎರಡಕ್ಕಿಂತಲೂ ಕೆಳಗಿಳಿದಿದೆ. ಹೀಗೆ ಉಳಿದ ಜೀವಗಳಲ್ಲಿ ನಮ್ಮವರೂ ಇದ್ದಾರೆ ಎಂಬುದರಲ್ಲಿ ಸಂದೇಹವಿಲ್ಲ. ಇತ್ತ ನಮ್ಮ ದೇಶದಲ್ಲಿ 2023ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 1.72 ಲಕ್ಷಕ್ಕೂ ಮಿಕ್ಕಿ ಜನ ಸತ್ತರು. ಆದ್ದರಿಂದ ಗಲ್ಫ್‌ನ ದಂಡವನ್ನು ಸುಮ್ಮನೆ ಸುಲಿಗೆ ಎಂದು ಕರೆಯುವುದು ತಪ್ಪಾಗುತ್ತದೆ.

ಆದರೆ ದಂಡದ ಮೊತ್ತ ಎಲ್ಲರಿಗೂ ಒಂದೇ ಆಗಿರುವಾಗ ಅದರ ಭಾರ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ದೊಡ್ಡ ಕಾರಿನವನಿಗೆ 75 ದಿನಾರ್ ಒಂದು ಸಂಜೆಯ ಊಟ. ಅವನ ಡ್ರೈವರಿಗೆ ಅದು ಊರಿನ ಮನೆಯ ಒಂದು ತಿಂಗಳ ಖರ್ಚು. ಫಿನ್‌ಲ್ಯಾಂಡಿನಲ್ಲಿ ದೊಡ್ಡ ವೇಗದ ತಪ್ಪಿಗೆ ಆದಾಯ ನೋಡಿ ದಂಡ ಹಾಕುವ ಪದ್ಧತಿ ಇದೆ. 2023ರಲ್ಲಿ ಅಲ್ಲಿ 50 ಕಿಲೋಮೀಟರಿನ ರಸ್ತೆಯಲ್ಲಿ 82ರ ವೇಗದಲ್ಲಿ ಹೋದ ಒಬ್ಬ ಶ್ರೀಮಂತ ಉದ್ಯಮಿಗೆ 1,21,000 ಯುರೋ ದಂಡ ಬಿತ್ತು. ಗಲ್ಫ್‌ನಲ್ಲಿ ಅಂಥದ್ದು ನಾಳೆಯೇ ಬರುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ದಂಡವನ್ನು ಬೇರೆ ರೀತಿಯಲ್ಲಿ ಯೋಚಿಸುವ ದೇಶಗಳಿವೆ ಎಂಬುದು ತಿಳಿದಿರಲಿ. ಕುವೈಟಿನ ಹೊಸ ಕಾನೂನಿನಲ್ಲಿ ಕೂಡ ಶಿಕ್ಷೆಯ ಬದಲು ಸಮಾಜಸೇವೆ ಮಾಡಿಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿರುವುದು ಸ್ವಾಗತಾರ್ಹ.

ಎರಡನೆಯ ಪ್ರಶ್ನೆ ಗಡೀಪಾರಿನದು. ತಪ್ಪಿಗೆ ತಕ್ಕ ಶಿಕ್ಷೆ ಇರಬೇಕು. ಹತ್ತು ಹದಿನೈದು ವರ್ಷ ದುಡಿದವನನ್ನು ರಸ್ತೆಯ ತಪ್ಪಿಗಾಗಿ ನ್ಯಾಯಾಲಯದ ಮುಂದೆ ನಿಲ್ಲಿಸದೆಯೇ ಆಡಳಿತ ಆದೇಶದಿಂದ ಕಳುಹಿಸಿದರೆ, ಅವನ ಸಾಲ, ಮಕ್ಕಳ ಶಾಲೆ, ಬರಬೇಕಾದ ಸಂಬಳ ಎಲ್ಲವೂ ಅರ್ಧಕ್ಕೆ ನಿಲ್ಲುತ್ತವೆ. ಆ ಶಿಕ್ಷೆಯನ್ನು ಅವನ ಜೊತೆ ಇಲ್ಲಿರುವ ಹೆಂಡತಿ ಮಕ್ಕಳೂ ಅನುಭವಿಸುತ್ತಾರೆ. ಲೈಸನ್ಸ್ ಇಲ್ಲದೆ ಗಾಡಿ ಹತ್ತಿದವನನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಒಂದು ಮಾತು ಹೇಳಲು ಅವಕಾಶವಿರಬೇಕು ಎಂಬುದು ಮನುಷ್ಯನ ಮರ್ಯಾದೆಯ ಪ್ರಶ್ನೆ.

ನಮ್ಮ ತಪ್ಪುಗಳು

ಕಾನೂನನ್ನು ಟೀಕಿಸಿದ ಮೇಲೆ ನಮ್ಮ ಕಡೆಗೂ ಬೆರಳು ತೋರಿಸಲೇಬೇಕು. ನಮ್ಮವರ ದೊಡ್ಡ ರೋಗವೆಂದರೆ ರಿಯಾಯಿತಿ ಕಾಯುವುದು. ಕತಾರಿನಲ್ಲಿ 2024ರ ಜೂನ್‌ನಿಂದ ನವೆಂಬರ್ ಕೊನೆಯವರೆಗೆ ಶೇಕಡ 50 ರಿಯಾಯಿತಿ ಇತ್ತು. ಸೌದಿಯಲ್ಲಿ 2024ರ ಎಪ್ರಿಲ್ 18ರಿಂದ ಒಂದು ವರ್ಷ ಹಳೆಯ ದಂಡಗಳಿಗೆ ಅರ್ಧ ಮಾಫಿ ಇತ್ತು. 2025ರ ಎಪ್ರಿಲ್ 18ಕ್ಕೆ ಅದು ಮುಗಿಯಿತು. ಇವುಗಳನ್ನು ನೋಡಿ, ಮುಂದೆಯೂ ಬರುತ್ತದೆ ಎಂದು ಕಾದು ಕುಳಿತವರು ತುರ್ತಾಗಿ ಊರಿಗೆ ಬರಬೇಕಾದ ದಿನ ಸಿಕ್ಕಿ ಬೀಳುತ್ತಾರೆ. ಬೇಗ ಕಟ್ಟುವವರಿಗೇ ರಿಯಾಯಿತಿ ಕೊಡುವ ಕಡೆಗಳೂ ಇವೆ. ಅಬುಧಾಬಿಯಲ್ಲಿ ಗಂಭೀರವಲ್ಲದ ತಪ್ಪಿನ ದಂಡವನ್ನು 60 ದಿನಗಳೊಳಗೆ ಕಟ್ಟಿದರೆ ಶೇಕಡ 35, ವರ್ಷದೊಳಗೆ ಕಟ್ಟಿದರೆ ಶೇಕಡ 25 ಕಡಿಮೆಯಾಗುತ್ತದೆ.

ಈ ರೋಗವನ್ನು ನಾವು ಊರಿನಿಂದಲೇ ಕೊಂಡುಹೋಗಿದ್ದೇವೆ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತರು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಪುನಃ ಕೊಡಲಾಯಿತು. ಮತ್ತೆ ಮತ್ತೆ ಮಾಫಿ ಮಾಡುವ ಸರಕಾರವೂ, ಮಾಫಿಯನ್ನೇ ನಂಬುವ ಜನರೂ ಸೇರಿ ದಂಡಕ್ಕೆ ಅರ್ಥವಿಲ್ಲದಂತೆ ಮಾಡಿದ್ದೇವೆ. ಇನ್ನೊಂದು ವಿಚಿತ್ರವನ್ನು ನೋಡಿ. ದುಬೈಯಲ್ಲಿ ಕಾರು ಹತ್ತಿದ ಕೂಡಲೇ ಬೆಲ್ಟ್ ಎಳೆದುಕೊಳ್ಳುವ ಅದೇ ಮನುಷ್ಯ, ರಜೆಯಲ್ಲಿ ಬಜ್ಪೆಯಿಂದ ಮನೆಗೆ ಹೋಗುವಾಗ ಮಗುವನ್ನು ಮಡಿಲಲ್ಲಿ ಕೂರಿಸಿ ಎದುರಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತಿರುತ್ತಾನೆ. ಅಲ್ಲಿ ಹೆದರಿದ್ದು ಕ್ಯಾಮರಾಕ್ಕೆ ಮಾತ್ರ ಎಂದು ಅದರಿಂದ ತಿಳಿಯುತ್ತದೆ.

ಇನ್ನು ಮನೆಯವರ ಪಾಲು. ಊರಿನಲ್ಲಿ ರಾತ್ರಿ ಎಂಟು ಗಂಟೆಗೆ ತೇರ್ಸ್ ಮುಗಿಸಿ ಅಮ್ಮ ಫೋನ್ ಮಾಡುವಾಗ ಕುವೈಟಿನಲ್ಲಿ ಸಂಜೆ ಐದೂವರೆ. ಮಗ ಕೆಲಸ ಮುಗಿಸಿ ಸ್ಟೇರಿಂಗ್ ಹಿಡಿದಿರುವ ಹೊತ್ತು. “ಅಮ್ಮಾ, ಗಾಡಿಯಲ್ಲಿದ್ದೇನೆ” ಎಂದರೆ “ಎರಡೇ ಮಾತು ಮಗಾ” ಎನ್ನುತ್ತೇವೆ. ಆ ಎರಡು ಮಾತಿಗೆ 75 ದಿನಾರ್. ಅದಕ್ಕಿಂತ ದೊಡ್ಡ ನಷ್ಟವೂ ಆಗಬಹುದು. ಹೊತ್ತು ನೋಡಿ ಫೋನ್ ಮಾಡುವುದು, ಗಾಡಿಯಲ್ಲಿದ್ದೇನೆ ಎಂದ ಕೂಡಲೇ ಇಟ್ಟುಬಿಡುವುದು ಮನೆಯವರು ಮಾಡಬಹುದಾದ ಸುಲಭದ ಉಪಕಾರ.

ಮಾಡಬೇಕಾದದ್ದೇನು?

ಗಲ್ಫ್‌ನಲ್ಲಿರುವವರಿಗೆ ನಾವು ಕೆಲವು ಮಾತುಗಳನ್ನು ಹೇಳಬಯಸುತ್ತೇವೆ. ಮನೆಯವರು ಇವನ್ನು ಅವರಿಗೆ ಓದಿ ಹೇಳಬಹುದು.

ಮೊದಲನೆಯದಾಗಿ, ತಿಂಗಳಿಗೊಮ್ಮೆ ನಿಮ್ಮ ಹೆಸರಿನಲ್ಲಿ ದಂಡ ಇದೆಯೇ ಎಂದು ನೋಡಿ. ಕುವೈಟಿನಲ್ಲಿ ಸಹೆಲ್, ಸೌದಿಯಲ್ಲಿ ಅಬ್ಶೆರ್, ಕತಾರಿನಲ್ಲಿ ಮೆಟ್ರಾಶ್, ಎಮಿರೇಟ್ಸ್‌ನಲ್ಲಿ ಪೋಲಿಸ್ ಮತ್ತು ಆಂತರಿಕ ಸಚಿವಾಲಯದ ಆ್ಯಪ್‌ಗಳಲ್ಲಿ ಇದನ್ನು ನೋಡಬಹುದು. ಗಾಡಿ ಇಲ್ಲದವರೂ ನೋಡಬೇಕು. ರಸ್ತೆ ದಾಟಿದ ದಂಡ ಐಡಿಗೆ ಬರುತ್ತದೆ. ಊರಿಗೆ ಬರುವ ಟಿಕೆಟ್ ಮಾಡುವ ದಿನವೇ ಇನ್ನೊಮ್ಮೆ ನೋಡಿ, ವಿಮಾನ ನಿಲ್ದಾಣಕ್ಕೆ ಹೋಗುವ ದಿನದವರೆಗೆ ಕಾಯಬೇಡಿ.

ಎರಡನೆಯದಾಗಿ, ಗಾಡಿ ಮಾರಿದರೆ ನೋಂದಣಿ ಬದಲಾಗುವವರೆಗೆ ಕೀಲಿಕೈ ಕೊಡಬೇಡಿ. ಗೆಳೆತನ ಬೇರೆ, ದಾಖಲೆ ಬೇರೆ. ಗಾಡಿಯನ್ನು ಎರವಲು ಕೊಡುವಾಗಲೂ ಲೈಸನ್ಸ್ ಕೇಳಿ. ತಪ್ಪು ಅವನದಾದರೂ ದಾಖಲೆಯಲ್ಲಿ ಇರುವುದು ನಿಮ್ಮ ಹೆಸರು.

ಮೂರನೆಯದಾಗಿ, ಕಂಪೆನಿಯ ಅಥವಾ ಮಾಲೀಕರ ಗಾಡಿ ಓಡಿಸುವವರು ಒಂದು ಸಣ್ಣ ಪುಸ್ತಕ ಇಡಿ. ಯಾವ ದಿನ, ಯಾವ ನಂಬರಿನ ಗಾಡಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಬರೆದಿಡಿ. ಸಂಬಳದಿಂದ ಹಣ ಕಡಿದರೆ ದಂಡದ ರಸೀದಿ ಕೇಳಿ. ಅದರಲ್ಲಿ ದಿನಾಂಕ ಮತ್ತು ಸಮಯ ಇರುತ್ತದೆ. ಪುಸ್ತಕ ಮತ್ತು ರಸೀದಿ ತಾಳೆಯಾಗದಿದ್ದರೆ ನಿಮ್ಮ ಬಾಯಿಗೆ ಬಲ ಬರುತ್ತದೆ.

ನಾಲ್ಕನೆಯದಾಗಿ, ದಂಡ ತಪ್ಪಾಗಿ ಬಂದಿದ್ದರೆ ಆಕ್ಷೇಪ ಸಲ್ಲಿಸಿ. ವಿದೇಶಿಗೆ ಆ ಹಕ್ಕಿಲ್ಲ ಎಂಬುದು ತಪ್ಪು ತಿಳುವಳಿಕೆ. ಸೌದಿಯಲ್ಲಿ ಅಬ್ಶೆರ್ ಮೂಲಕ 30 ದಿನಗಳೊಳಗೆ ಆಕ್ಷೇಪಿಸಬಹುದು. ಉಳಿದ ದೇಶಗಳಲ್ಲಿಯೂ ಟ್ರಾಫಿಕ್ ಇಲಾಖೆಗೆ ಅಥವಾ ಪ್ರಾಸಿಕ್ಯೂಶನ್ ಕಚೇರಿಗೆ ಹೇಳಿಕೊಳ್ಳಬಹುದು. ಆದರೆ ಸಮಯ ಮೀರಿದರೆ ಅವಕಾಶ ತಪ್ಪುತ್ತದೆ. ಹಾಗೆಯೇ ‘ನನಗೆ ಒಳಗಿನವರು ಗೊತ್ತು, ಅರ್ಧ ಹಣಕ್ಕೆ ಅಳಿಸಿ ಕೊಡುತ್ತೇನೆ’ ಎನ್ನುವ ದಲ್ಲಾಳಿಗಳ ಬಳಿ ಹೋಗಬೇಡಿ. ದಂಡ ಕೊಡಬೇಕಾದವನು ಲಂಚದ ಆರೋಪಿಯಾಗಿ ಜೈಲಿಗೆ ಹೋಗುವ ಅಪಾಯ ಅದರಲ್ಲಿದೆ.

ಐದನೆಯದಾಗಿ, ಮೋಸದ ಸಂದೇಶಗಳು. ‘ನಿಮಗೆ ದಂಡ ಬಾಕಿ ಇದೆ, ಇಂದೇ ಕಟ್ಟಿ’ ಎಂದು ಮೊಬೈಲಿಗೆ ಬಂದ ಕೊಂಡಿಯನ್ನು ಒತ್ತಿ, ಕಾರ್ಡಿನ ಸಂಖ್ಯೆ ಕೊಟ್ಟು, ಖಾತೆ ಖಾಲಿ ಮಾಡಿಕೊಂಡವರಿದ್ದಾರೆ. ಕುವೈಟ್ ಮತ್ತು ದುಬೈ ಅಧಿಕಾರಿಗಳು ಈ ಬಗ್ಗೆ ಹಲವು ಸಲ ಎಚ್ಚರಿಸಿದ್ದಾರೆ. ಊರಿನಲ್ಲಿಯೂ ವಾಟ್ಸಾಪಿನಲ್ಲಿ ಚಲನ್ ಹೆಸರಿನ ನಕಲಿ ಆ್ಯಪ್ ಕಳುಹಿಸಿ ಇದೇ ಮೋಸ ನಡೆಯುತ್ತಿದೆ. ಸಂದೇಶದ ಕೊಂಡಿಯನ್ನು ಎಂದೂ ಒತ್ತಬೇಡಿ. ಸರಕಾರಿ ಆ್ಯಪನ್ನು ನೀವೇ ತೆರೆದು ನೋಡಿ.

ಆರನೆಯದಾಗಿ, ಶಾಶ್ವತವಾಗಿ ಊರಿಗೆ ಮರಳುವವರು ವೀಸಾ ರದ್ದು ಮಾಡುವ ಮೊದಲೇ ಎಲ್ಲ ದಂಡ ಕಟ್ಟಿ, ಗಾಡಿಯ ಲೆಕ್ಕ ಮುಗಿಸಿ, ರಸೀದಿಗಳನ್ನು ಜೊತೆಗೆ ತನ್ನಿ. ‘ಹೇಗೂ ಇನ್ನು ಬರುವುದಿಲ್ಲ, ಬಿಟ್ಟು ಹೋಗೋಣ’ ಎಂದು ಯೋಚಿಸುವವರಿಗೆ ಒಂದು ಮಾಹಿತಿ. 2020ರ ಜನವರಿಯಲ್ಲಿ ಭಾರತ ಸರಕಾರ ಎಮಿರೇಟ್ಸ್‌ನ ಸಿವಿಲ್ ನ್ಯಾಯಾಲಯಗಳ ಹಣದ ತೀರ್ಪುಗಳನ್ನು ನಮ್ಮ ಜಿಲ್ಲಾ ನ್ಯಾಯಾಲಯಗಳ ಮೂಲಕ ಜಾರಿಮಾಡಬಹುದೆಂದು ಅಧಿಸೂಚನೆ ಹೊರಡಿಸಿತು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಪ್ರಕಾರ ದಂಡ ಮತ್ತು ತೆರಿಗೆ ಇದರಲ್ಲಿ ಸೇರುವುದಿಲ್ಲ. ಆದ್ದರಿಂದ ಟ್ರಾಫಿಕ್ ದಂಡಕ್ಕಾಗಿ ಈ ದಾರಿಯಲ್ಲಿ ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ. ಆದರೆ ಅಪಘಾತದಲ್ಲಿ ಇನ್ನೊಬ್ಬನಿಗೆ ಕೊಡಬೇಕಾದ ಪರಿಹಾರದ ಸಿವಿಲ್ ತೀರ್ಪು ಬರಬಹುದು. ಇನ್ನು ಬಾಕಿ ದಂಡವೂ ಅಳಿಯುವುದಿಲ್ಲ. ನಾಳೆ ಮಗಳ ಮನೆಗೆಂದು ಅದೇ ದೇಶಕ್ಕೆ ಹೋದರೆ ಅದು ಅಲ್ಲೇ ಕಾದಿರುತ್ತದೆ. ಇಷ್ಟೆಲ್ಲ ಇಲ್ಲದಿದ್ದರೂ, ನಮಗೆ ಅನ್ನ ಕೊಟ್ಟ ದೇಶದ ಬಾಕಿ ಉಳಿಸಿ ಬರುವುದು ನಮಗೆ ಶೋಭೆಯಲ್ಲ.

ಸಿಕ್ಕಿಬಿದ್ದವರಿಗೆ ದಾರಿ

ದಂಡ ಕಟ್ಟಲಾಗದೆ ಠಾಣೆಯಲ್ಲೋ ಜೈಲಿನಲ್ಲೋ ಉಳಿದವರ ವಿಷಯ ನಮ್ಮ ಗುರುಗಳಿಗೂ ಗುರಿಕಾರರಿಗೂ ಆಗಾಗ ಬರುತ್ತದೆ. ಮನೆಯವರು ಮೊದಲು ಓಡುವುದು ಬಡ್ಡಿಗೆ ಸಾಲ ತರಲು. ಅದಕ್ಕಿಂತ ಮೊದಲು ಭಾರತದ ರಾಯಭಾರ ಕಚೇರಿಗೆ ತಿಳಿಸಿ. ರಾಯಭಾರ ಕಚೇರಿಗಳಲ್ಲಿ 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದಿದೆ. 2017ರಲ್ಲಿ ಪರಿಷ್ಕರಿಸಿದ ನಿಯಮಗಳ ಪ್ರಕಾರ, ಸಣ್ಣ ತಪ್ಪುಗಳಿಗಾಗಿ ಬಂಧನದಲ್ಲಿರುವ ಭಾರತೀಯರ ಬಿಡುಗಡೆಗಾಗಿ ಸಣ್ಣ ದಂಡಗಳನ್ನು ಆ ನಿಧಿಯಿಂದ ಕಟ್ಟಲು ಅವಕಾಶವಿದೆ. ಬಡತನವನ್ನು ತೋರಿಸಬೇಕು, ಕಾಗದಗಳು ಬೇಕು, ಸಮಯವೂ ಹಿಡಿಯುತ್ತದೆ. ಆದರೆ ಆ ಹಣದಲ್ಲಿ ನಮ್ಮವರು ಪಾಸ್‌ಪೋರ್ಟ್ ಮುಂತಾದ ಸೇವೆಗಳಿಗೆ ಕೊಟ್ಟ ಶುಲ್ಕವೂ ಸೇರಿದೆ. ಕೇಳಲು ಸಂಕೋಚ ಬೇಡ. ವಿದೇಶಾಂಗ ಸಚಿವಾಲಯದ ‘ಮದದ್’ ಎಂಬ ಜಾಲತಾಣದಲ್ಲಿ ಊರಿನಿಂದಲೇ ದೂರು ದಾಖಲಿಸಬಹುದು. ದೂರಿಗೆ ಒಂದು ಸಂಖ್ಯೆ ಸಿಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ.

ನಮ್ಮ ಚರ್ಚುಗಳು ಏನು ಮಾಡಬಹುದು? ದೊಡ್ಡ ಯೋಜನೆಯೇನೂ ಬೇಡ. ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಹೊಸದಾಗಿ ಗಲ್ಫ್‌ಗೆ ಹೊರಟವರ ಹೆಸರನ್ನು ಗುರುಗಳಿಗೆ ತಿಳಿಸಲಿ. ಆಶೀರ್ವಾದಕ್ಕೆಂದು ಬಂದಾಗ ಅವರಿಗೆ ಈ ಆರು ಮಾತುಗಳನ್ನು ಒಂದು ಹಾಳೆಯಲ್ಲಿ ಕೊಡಲಿ. ಗಲ್ಫ್‌ನಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿ ಮರಳಿದವರು ನಮ್ಮ ಪ್ರತಿ ಚರ್ಚಿನಲ್ಲಿದ್ದಾರೆ. ಒಂದು ಆದಿತ್ಯವಾರ ಬಲಿಪೂಜೆಯ ನಂತರ ಅವರನ್ನು ಯುವಕರ ಮುಂದೆ ಅರ್ಧ ಗಂಟೆ ಮಾತಾಡಿಸಿದರೆ ಪುಸ್ತಕ ಕಲಿಸದ್ದನ್ನು ಅವರು ಕಲಿಸುತ್ತಾರೆ. ಅಲ್ಲಿನ ಕೊಂಕಣಿ ಸಂಘಗಳವರು ನಾಟಕ, ಹಾಡಿನ ಸಂಜೆಗಳನ್ನು ಬಹಳ ಚೆನ್ನಾಗಿ ನಡೆಸುತ್ತಾರೆ. ವರ್ಷಕ್ಕೊಂದು ಸಂಜೆಯನ್ನು ಮನೆ ಡ್ರೈವರುಗಳಿಗೂ ಕ್ಯಾಂಪಿನ ಕೆಲಸಗಾರರಿಗೂ ಇಟ್ಟು, ಮೊಬೈಲಿನಲ್ಲಿ ದಂಡ ನೋಡುವುದು ಹೇಗೆ ಎಂದು ಕಲಿಸಿದರೆ ಅದೂ ಒಂದು ಸೇವೆಯೇ.

ಆರಂಭದಲ್ಲಿ ಹೇಳಿದ ಆ ಮಗ ತಿಂಗಳ ಮನಸ್ಸಿನ ಬಲಿಪೂಜೆಗೆ ಊರಿಗೆ ಬಂದಿದ್ದರು. ಸಮಾಧಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ಅನಂತರ ನಮ್ಮ ಬಳಿ ಬಂದು, “ಫಾದರ್, ಆ ಕಾರಿನ ಕಾಗದ ಬದಲಾಯಿಸಲು ಅರ್ಧ ದಿನ ರಜೆ ಹಾಕಿದ್ದರೆ ಸಾಕಿತ್ತು. ಅರ್ಧ ದಿನದ ಸಂಬಳ ಹೋಗುತ್ತದೆಂದು ಹಾಕಲಿಲ್ಲ” ಎಂದರು. ನಮಗೆ ಹೇಳಲು ಏನೂ ತೋಚಲಿಲ್ಲ. ಇದನ್ನು ಬರೆಯಿರಿ, ಬೇರೆಯವರಿಗಾದರೂ ಆಗಲಿ ಎಂದು ಅವರೇ ಕೇಳಿಕೊಂಡರು. ಆದ್ದರಿಂದ ಬರೆದಿದ್ದೇವೆ. ಇಂದು ರಾತ್ರಿ ಗಲ್ಫ್‌ನಲ್ಲಿರುವ ನಿಮ್ಮ ಮಗನೊಡನೆ, ಮಗಳೊಡನೆ, ಗಂಡನೊಡನೆ ಮಾತಾಡುವಾಗ ಊಟವಾಯಿತೇ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ದಂಡ ಏನಾದರೂ ಬಾಕಿ ಇದೆಯೇ, ನೋಡಿದ್ದೀಯಾ?